ಎರಡು ಶುಕ್ರವಾರದ ತಪ್ಪು

(ಒಂಬತ್ತನೆಯ ಕಂತು)

"ಇವತ್ತೂ ನೀನೇನಾ?" ಅಂತ ಕೇಳಿದೆ.

ಅರ್ನ್‌ಫಿನ್ ತಿರುಗಿ ನೋಡಲಿಲ್ಲ. ವಿಮಾನ ದುರಸ್ತಿಯ ಹ್ಯಾಂಗರಿನ ಅಡುಗೆಕೋಣೆಯ ಕಿಟಕಿ ಪಕ್ಕ ನಿಂತು, ವಾಫಲ್ ಅಚ್ಚಿಗೆ ಹಿಟ್ಟು ಹುಯ್ದು, ಮುಚ್ಚಳ ಒತ್ತಿ ಹಿಡಿದಿದ್ದ. ಪಕ್ಕದ ತಟ್ಟೆಯಲ್ಲಿ ಆಗಲೇ ಹದಿನೈದಿಪ್ಪತ್ತು ವಾಫಲ್ ಒಂದರ ಮೇಲೊಂದು ಏರಿ ಕೂತಿದ್ದವು. ಬೆಳಿಗ್ಗೆ ಹತ್ತೂವರೆ. ಶುಕ್ರವಾರ ಇಷ್ಟು ಹೊತ್ತಿಗೆ ಆ ತಟ್ಟೆ ಬರಿದಾಗಿ, ಹಣ್ಣಿನ ಜಾಮ್ ಡಬ್ಬಿಗಾಗಿ ಜಗಳ ನಡೆಯಬೇಕಿತ್ತು.

"ಯಾರಾದ್ರೂ ಮಾಡ್ಬೇಕಲ್ಲ, ಗೂನ್‌ವೋರ್."

"ಹೋದ ಶುಕ್ರವಾರಾನೂ ನೀನೇ ಮಾಡಿದ್ದೆ."

"ಹೌದಾ?" ಅಂದ. "ನೆನಪಿಲ್ಲ."

ಇಪ್ಪತ್ತು ವರ್ಷದ ಹಿಂದೆ ಯಾವ ವಿಮಾನದ ಯಾವ ಬೋಲ್ಟು ಸಡಿಲವಾಗಿತ್ತು ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲ ಮನುಷ್ಯ ಇವನು. ನನಗೆ ಗೊತ್ತು. ಒಂಬತ್ತು ವರ್ಷ ಇದೇ ಹ್ಯಾಂಗರಿನಲ್ಲಿ ಇವನ ಪಕ್ಕದಲ್ಲಿ ಮಂಡಿಯೂರಿ ಕೆಲಸ ಮಾಡಿದ್ದೇನೆ. ಆಮೇಲೆ ಅಪಘಾತ ತನಿಖಾ ಆಯೋಗ ಸೇರಿದೆ. ಕೈಯ ಗ್ರೀಸ್ ಹೋಗಿ ಶಾಯಿ ಬಂತು.

ಸ್ಕಾರ್‌ಹೋಲ್ಮ್ ದ್ವೀಪದ ರನ್‌ವೇಗೆ ನೂರು ಮೀಟರ್ ಈಚೆ, ಸಮುದ್ರದಂಚಿನ ಬಂಡೆಗಳ ಮೇಲೆ ಇವರ ಕಂಪನಿಯ ವಿಮಾನ ಬಿದ್ದು ಇವತ್ತಿಗೆ ಹತ್ತು ದಿನ. ಇಬ್ಬರು ಸತ್ತಿದ್ದರು, ಸಹಪೈಲಟ್ ಹುಡುಗಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ, ಕ್ಯಾಪ್ಟನ್ ಓಡ್‌ವಾರ್ ಮೇಲೆ ಸೋಮವಾರ ಹತ್ತು ಗಂಟೆಗೆ ಪೊಲೀಸರು ಮೊಕದ್ದಮೆ ಹೂಡುವವರಿದ್ದರು.

ಬಾಗಿಲು ತೆರೆದುಕೊಂಡಿತು. ಬೆನೆಡಿಕ್ಟೆ ಒಳಗೆ ಬಂದಳು. ಕಂಪನಿಯ ಸುರಕ್ಷತಾ ಮುಖ್ಯಸ್ಥೆ. ಟಿವಿಯ ಮುಂದೆ ನಿಂತು "ಯಂತ್ರ ಸರಿಯಿತ್ತು" ಎಂದು ದೇಶಕ್ಕೆಲ್ಲ ಹೇಳಿದವಳು. ಅಂದವಾದ ಉಣ್ಣೆಯ ಸ್ವೆಟರ್, ಅಂದವಾದ ನಗು.

"ಇನ್ನೂ ಇಲ್ಲೇ ಇದೀರಾ? ನಮ್ಮ ಲಾಗ್ ಪುಸ್ತಕ ಎಲ್ಲ ಹೋದ ವಾರಾನೇ ತಗೊಂಡು ಹೋದ್ರಲ್ಲ."

"ಕಾಫಿ ಚೆನ್ನಾಗಿದೆ" ಅಂದೆ.

"ನಿಮ್ಮ ಕಾಲದ್ದೇ ಯಂತ್ರ ಅದು. ಕಹಿ ಬಿಟ್ರೆ ಬೇರೇನೂ ಕೊಡಲ್ಲ." ಲೋಟಕ್ಕೆ ಕಾಫಿ ಬಗ್ಗಿಸಿಕೊಂಡಳು.

ಅರ್ನ್‌ಫಿನ್ ತಟ್ಟೆಯನ್ನು ಅವಳ ಮುಂದೆ ಹಿಡಿದ. ಬೆನೆಡಿಕ್ಟೆ ತಟ್ಟೆಯನ್ನು ನೋಡಿದಳು, ಅವನ ಮುಖ ನೋಡಲಿಲ್ಲ.

"ನಂಗೆ ಬೇಡ."

ಹೊರಟುಹೋದಳು. ಅವನ ಕೈ ಇನ್ನೂ ಚಾಚಿಕೊಂಡೇ ಇತ್ತು.

ನನ್ನ ಒಂಬತ್ತು ವರ್ಷದಲ್ಲಿ ಶುಕ್ರವಾರದ ವಾಫಲನ್ನು ಬೇಡ ಎಂದವರನ್ನು ನಾನು ಕಂಡಿಲ್ಲ. ಸಕ್ಕರೆ ಕಾಯಿಲೆಯವರೂ ಅರ್ಧ ಮುರಿದು ತಿನ್ನುತ್ತಾರೆ. ಯಾಕೆಂದರೆ ಈ ಹ್ಯಾಂಗರಿನಲ್ಲಿ ವಾಫಲ್ ಸರದಿಯ ಕೆಲಸವಲ್ಲ, ತಪ್ಪಿಗೆ ದಂಡ. ರೆಕ್ಕೆಯೊಳಗೆ ಸ್ಪ್ಯಾನರ್ ಮರೆತೆಯಾ, ಪರೀಕ್ಷೆಯ ಚೀಟಿ ಬರೆಯದೆ ಮನೆಗೆ ಹೋದೆಯಾ, ಶುಕ್ರವಾರ ನಿನ್ನ ಕೈಯ ವಾಫಲ್. ಅದನ್ನು ತಿಂದವರು ಕ್ಷಮಿಸಿದ ಹಾಗೆ. ಬೇಡ ಎಂದರೆ ಏನರ್ಥ ಎಂದು ಬಿಡಿಸಿ ಹೇಳಬೇಕಿಲ್ಲ.

ದಂಡಕ್ಕೂ ಒಂದು ಲೆಕ್ಕವಿದೆ. ತಪ್ಪು ಹ್ಯಾಂಗರಿನೊಳಗೇ ಸಿಕ್ಕಿಬಿದ್ದರೆ ಒಂದು ಶುಕ್ರವಾರ. ತಪ್ಪನ್ನು ಹೊತ್ತುಕೊಂಡೇ ವಿಮಾನ ಹಾರಿಬಿಟ್ಟಿದ್ದರೆ ಎರಡು.

ಅರ್ನ್‌ಫಿನ್‌ಗೆ ಇದು ಎರಡನೆಯ ಶುಕ್ರವಾರ.

ಇದು ನನಗೆ ಹೊಳೆದಾಗ ಕೈಲಿದ್ದ ಕಾಫಿ ನಿಜವಾಗಿಯೂ ಕಹಿಯಾಯಿತು. ಎದ್ದು ಹೋಗಿ ಬಾಗಿಲು ಹಾಕಿದೆ, ಕುರ್ಚಿ ಎಳೆದು ಅದಕ್ಕೆ ಅಡ್ಡವಾಗಿ ಕೂತೆ.

ಇಲ್ಲಿ ಓಡ್‌ವಾರ್ ವಿಷಯ ಹೇಳಬೇಕು.

ಈ ವಿಮಾನಗಳನ್ನು ತಾನೇ ಇಳಿಸುವ ಯಂತ್ರವನ್ನು ಪೈಲಟ್‌ಗಳು ಅಜ್ಜಿ ಎನ್ನುತ್ತಾರೆ. ಕಂಪನಿಯ ಕಾಗದಗಳಲ್ಲಿ ಅದಕ್ಕೆ ಮಾರುದ್ದದ ಹೆಸರಿದೆ. ಅಜ್ಜಿಗೆ ಸುಸ್ತಿಲ್ಲ, ಮಂಜು ಮುಸುಕಿದರೆ ಗಾಬರಿಯಿಲ್ಲ. ನೆಲ ಕಾಲಡಿಗೆ ಬಂದದ್ದು ಕಂಡ ಕೂಡಲೇ ಎಂಜಿನ್ ಶಕ್ತಿಯನ್ನು ತಾನೇ ತಗ್ಗಿಸುತ್ತಾಳೆ. ನೆಲ ಎಷ್ಟು ದೂರ ಎಂದು ಅಳೆಯಲು ವಿಮಾನದ ಮೂತಿಯಲ್ಲಿ ಎರಡು ಪೆಟ್ಟಿಗೆಗಳಿವೆ, ಎಡಕ್ಕೊಂದು ಬಲಕ್ಕೊಂದು. ಹ್ಯಾಂಗರಿನವರಿಗೆ ಅವು ಅಜ್ಜಿಯ ಕಣ್ಣುಗಳು. ಆದರೆ ಅಜ್ಜಿ ನೋಡುವುದು ಎಡಗಣ್ಣಿನಲ್ಲಿ ಮಾತ್ರ. ಬಲಗಣ್ಣು ಇರುವುದು ಸಹಪೈಲಟ್ ಮುಂದಿನ ಎತ್ತರಸೂಚಕದ ಮುಳ್ಳು ತಿರುಗಿಸಲಿಕ್ಕೆ. ಎರಡು ಕಣ್ಣಿಟ್ಟು ಒಂದನ್ನೇ ನಂಬುವ ಯಂತ್ರವನ್ನು ಯಾವ ಜಾಣ ಮಾಡಿದನೋ ಎಂದು ನಾನು ಆಯೋಗದಲ್ಲಿ ಕೂಗಾಡಿದ್ದೇನೆ. ಅದು ಬೇರೆ ಕಥೆ.

ಆ ಮಂಗಳವಾರ ಬೆಳಿಗ್ಗೆ ಏಳು ಇಪ್ಪತ್ತಾರಕ್ಕೆ, ನೆಲ ಇನ್ನೂ ನಲವತ್ತು ಮೀಟರ್ ಕೆಳಗಿರುವಾಗಲೇ, ಎಂಜಿನ್‌ಗಳ ಶಕ್ತಿ ಏರಿಳಿಸುವ ಸನ್ನೆಗೋಲು ಪೂರ್ತಿ ಹಿಂದಕ್ಕೆ ಬಂತು. ಸನ್ನೆ ಹಿಂದಕ್ಕೆ ಬಂದದ್ದು ಬ್ಲಾಕ್ ಬಾಕ್ಸಿನಲ್ಲಿದೆ. ಎಳೆದದ್ದು ಅಜ್ಜಿಯೋ ಮನುಷ್ಯನ ಕೈಯೋ ಎಂಬುದು ಅದರಲ್ಲಿಲ್ಲ. ಅಜ್ಜಿ ಎಳೆದರೂ ಸನ್ನೆ ಹಾಗೆಯೇ ಚಲಿಸುತ್ತದೆ.

ಮೂತಿ ಒಡೆದು ಎರಡೂ ಪೆಟ್ಟಿಗೆಗಳು ಬಂಡೆಯ ಮೇಲೆ ಬಿದ್ದಿದ್ದವು. ಎಡದ್ದು ಯಾವುದು ಬಲದ್ದು ಯಾವುದು ಎಂದು ನಾವು ಗುರುತಿಸಿದ್ದು ಲಾಗ್ ಪುಸ್ತಕದ ನಂಬರು ನೋಡಿ. ಹದಿನೇಳು ಎಂದು ಕೊನೆಯಾಗುವುದು ಎಡಗಣ್ಣು. ಪ್ರಯೋಗಾಲಯದಲ್ಲಿ ಅದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಇಪ್ಪತ್ತೆರಡು ಎಂದು ಕೊನೆಯಾಗುವುದು ಬಲಗಣ್ಣು. ಅದಕ್ಕೆ ತಲೆ ಕೆಟ್ಟಿತ್ತು, ನಡುನಡುವೆ "ನೆಲ ಬಂತು, ನೆಲ ಬಂತು" ಎನ್ನುತ್ತಿತ್ತು. ಉಪ್ಪುನೀರು ಹೊಕ್ಕಿರಬೇಕು ಎಂದು ಬರೆದು ಬದಿಗಿಟ್ಟರು. ಹೇಗೂ ಅಜ್ಜಿ ಅದರಲ್ಲಿ ನೋಡುವುದಿಲ್ಲವಲ್ಲ.

ಎಡಗಣ್ಣು ಸರಿ, ಅಂದಮೇಲೆ ಅಜ್ಜಿ ಸರಿ. ಅಜ್ಜಿ ಸರಿ, ಅಂದಮೇಲೆ ಓಡ್‌ವಾರ್‌ನ ಕೈಯೇ ತಪ್ಪು.

ನಿನ್ನೆ ಮಧ್ಯಾಹ್ನ ಅವನ ಮನೆಗೆ ಹೋಗಿದ್ದೆ. ಕತ್ತಿಗೆ ಪಟ್ಟಿ, ಮುಂದೆ ಆರಿದ ಮೀನಿನ ಸಾರು. ಬಲಗೈಯನ್ನು ಮೇಜಿನ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದ.

"ಮೂವತ್ತೊಂದು ವರ್ಷ ಈ ಕೈ ನಂಬಿ ಹಾರಿಸಿದೀನಿ, ಗೂನ್‌ವೋರ್. ಈಗ 'ಏನಪ್ಪಾ ಮಾಡಿದೆ ಅವತ್ತು' ಅಂತ ಇದನ್ನೇ ಕೇಳೋ ಹಂಗಾಗಿದೆ."

"ನಿನ್ನ ಕೈ ಎಲ್ಲಿತ್ತು?"

"ಸನ್ನೆ ಮೇಲೆ. ಯಂತ್ರ ಇಳಿಸ್ತಿದ್ರೂ ಕೈ ಅಲ್ಲೇ ಇಟ್ಕೊಂಡಿರ್ಬೇಕು. ಅದು ಹಿಂದಕ್ಕೆ ಬಂತು, ಕೈನೂ ಹಿಂದಕ್ಕೆ ಬಂತು. ಅದು ಕೈನ ಎಳ್ಕೊಂಡು ಬಂತೋ, ಕೈ ಅದನ್ನ ಎಳೀತೋ, ದೇವರಾಣೆ ನಂಗೆ ಗೊತ್ತಿಲ್ಲ. ರಾತ್ರಿಯೆಲ್ಲ ಯೋಚಿಸಿದ್ರೆ ಕೈಯೇ ಅನ್ಸುತ್ತೆ."

"ಸ್ಕಾರ್‌ಹೋಲ್ಮ್‌ನಲ್ಲಿ ನೀನು ಯಾವಾಗ್ಲೂ ಅಜ್ಜಿನ ಬಿಟ್ಟು ನೀನೇ ಇಳಿಸ್ತಿದ್ದೆ ಅಲ್ವಾ?"

ಒಳಗಿಂದ ಒಂದು ಕಾಗದ ತಂದು ಕೊಟ್ಟ. ಅಪಘಾತಕ್ಕೆ ಎರಡು ವಾರ ಮೊದಲಿನದು. ಎಲ್ಲ ಇಳಿಕೆಗಳೂ ಯಂತ್ರದಿಂದಲೇ ಆಗತಕ್ಕದ್ದು. ಇನ್ನೊಮ್ಮೆ ಕೈಯಿಂದ ಇಳಿಸಿದರೆ ಕರ್ತವ್ಯದಿಂದ ಕೆಳಗಿಳಿಸಲಾಗುವುದು. ಕೆಳಗೆ ಬೆನೆಡಿಕ್ಟೆಯ ರುಜು.

"ಅದಕ್ಕೇ ಮಾತು ಕೇಳ್ದೆ" ಅಂದ ಓಡ್‌ವಾರ್. "ವಯಸ್ಸಾದ್ಮೇಲೆ ಬುದ್ಧಿ ಬರ್ಬೇಕಲ್ಲ."

ಆ ಮಾತು ಕೇಳಿ ನನಗೆ ಅಳು ಬಂದಿತ್ತು, ಅಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರೆ. ಎಮ್ಮೆಯೂ ಹೌದು, ಜ್ವರ ನನಗೇ ಎಂದು ನಂಬಿಕೊಂಡು ಬೆನ್ನು ಕೊಟ್ಟರೆ ಏನು ಮಾಡುವುದು?

ಈಗ ಇಲ್ಲಿ ವಾಫಲ್ ಅಚ್ಚಿನಿಂದ ಸುಟ್ಟ ವಾಸನೆ ಬರತೊಡಗಿತ್ತು.

"ಸೀದು ಹೋಗ್ತಿದೆ, ಮಾರಾಯ" ಅಂದೆ.

ಅರ್ನ್‌ಫಿನ್ ಮುಚ್ಚಳ ಎತ್ತಿದ. ಕರಿಯ ವಾಫಲನ್ನು ಕಸಕ್ಕೆ ಹಾಕಿ ಮತ್ತೆ ಹಿಟ್ಟಿನ ಸೌಟಿಗೆ ಕೈ ಹಾಕಿದ.

"ಸಾಕು ಬಿಡು. ಪುಸ್ತಕ ತೆಗಿ."

"ಯಾವ ಪುಸ್ತಕ?"

"ಅರ್ನ್‌ಫಿನ್."

"ಲಾಗ್ ಪುಸ್ತಕ ಎಲ್ಲ ನಿಮ್ಮ ಹತ್ರಾನೇ..."

"ಮೇಲಿನ ಕಪಾಟು, ಹಿಟ್ಟಿನ ಡಬ್ಬಿ ಹಿಂದೆ. ಚೌಕುಳಿ ಹಾಳೆಯ ನೋಟ್‌ಬುಕ್ಕು. ನಾನಿಲ್ಲಿದ್ದಾಗ ಅಲ್ಲೇ ಇರ್ತಿತ್ತು. ಅದ್ರಲ್ಲಿ ನನ್ನ ಹೆಸರೇ ಹನ್ನೊಂದು ಸಲ ಇದೆ. ನನ್ನ ಹತ್ರ ಆಟ ಆಡ್ತೀಯಾ?"

ಅವನ ಕಣ್ಣು ಒಮ್ಮೆ ಕಪಾಟಿನ ಕಡೆ ಹೋಗಿ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ.

ಆ ಪುಸ್ತಕದ ಬಗ್ಗೆ ನನಗೆ ಒಂದು ಕಾಲಕ್ಕೆ ಹೆಮ್ಮೆಯಿತ್ತು. ತಪ್ಪು ಮಾಡಿದವನು ತಾನೇ ಬರೆಯಬೇಕು, ಅದನ್ನು ಮೊದಲು ಕೇಳಿಸಿಕೊಂಡವನು ಕೆಳಗೆ ರುಜು ಹಾಕಬೇಕು. ಯಾರೂ ಬೈಯುವಂತಿಲ್ಲ. ಅಧಿಕಾರಿಗಳಿಗೆ ಹೇಳದ್ದನ್ನು ಗಂಡಸರು ಆ ಚೌಕುಳಿ ಹಾಳೆಗೆ ಹೇಳುತ್ತಿದ್ದರು. ಇಂಥ ಪ್ರಾಮಾಣಿಕ ಜನ ಬೇರೆಲ್ಲೂ ಇಲ್ಲ ಎಂದುಕೊಂಡಿದ್ದೆ. ನಮ್ಮ ಪ್ರಾಮಾಣಿಕತೆ ಅಡುಗೆಮನೆ ದಾಟುತ್ತಿರಲಿಲ್ಲ ಎಂಬುದು ಮಾತ್ರ ಹೊಳೆದಿರಲಿಲ್ಲ. ಇಲ್ಲಿ ಬರೆದು, ನಕ್ಕು, ವಾಫಲ್ ತಿಂದರೆ ತಪ್ಪು ಕರಗಿಹೋಯಿತು ಎಂದೇ ಭಾವಿಸುತ್ತಿದ್ದೆವು. ನಿಜವಾದ ಲಾಗ್ ಪುಸ್ತಕ ಹಾಲಿನಷ್ಟು ಬೆಳ್ಳಗಿರುತ್ತಿತ್ತು.

ಅರ್ನ್‌ಫಿನ್ ಕೈ ಒರೆಸಿಕೊಂಡು ನನ್ನೆದುರು ಕೂತ.

"ಮೊದ್ಲು ಆ ಸಾಲು ಓದು."

"ಯಾವ ಸಾಲು?"

"ಈಗ ನೀನು ಆಟ ಆಡ್ತಿದೀಯ. ನಿಮ್ಮ ಆಯೋಗದ ಸಾಲು. ಅದನ್ನ ಓದು, ಆಮೇಲೆ ಹೇಳ್ತೀನಿ. ಇಲ್ಲಾಂದ್ರೆ ವಾಫಲ್ ತಿಂದು ಎದ್ದು ಹೋಗು."

ನನ್ನ ಚೀಲದಲ್ಲಿ ಆ ಕಾಗದ ಯಾವಾಗಲೂ ಇರುತ್ತದೆ. ಹೊರಗೆ ತೆಗೆಯಲು ಕೈ ಬರಲಿಲ್ಲ.

ನಮಗೆ ಹೇಳಿದ್ದು ನಮ್ಮಲ್ಲೇ ಉಳಿಯಬೇಕು. ಹೇಳಿದವನ ವಿರುದ್ಧ ಅದನ್ನು ಬಳಸುವಂತಿಲ್ಲ, ಪೊಲೀಸರಿಗೆ ಕೊಡುವಂತಿಲ್ಲ, ಸುಳಿವನ್ನೂ ಕೊಡುವಂತಿಲ್ಲ. ಹದಿನೆಂಟು ವರ್ಷ ಈ ಸಾಲನ್ನು ನಾನು ಕೈಮುಗಿದು ಕಾಪಾಡಿದ್ದೇನೆ. ಈ ಸಾಲು ಇರುವುದರಿಂದಲೇ ಜನ ಬಾಯಿ ಬಿಡುತ್ತಾರೆ, ಅವರು ಬಾಯಿ ಬಿಡುವುದರಿಂದಲೇ ಮುಂದಿನ ವಿಮಾನ ಬೀಳುವುದಿಲ್ಲ. ಹೇಳಿದವನನ್ನು ಜೈಲಿಗೆ ಹಾಕಿದರೆ ಇನ್ನು ಯಾರು ಹೇಳುತ್ತಾರೆ?

ಆದರೆ ಆಯೋಗದ ವರದಿ ಬರುವುದು ಒಂದು ವರ್ಷಕ್ಕೆ. ಓಡ್‌ವಾರ್‌ಗೆ ಇರುವುದು ಸೋಮವಾರದ ತನಕ. ಆ ಸಾಲು ಓದಿದರೆ ಸತ್ಯ ಸಿಗುತ್ತದೆ, ನನ್ನ ಬಾಯಿಗೆ ಬೀಗ ಬೀಳುತ್ತದೆ. ಓದದಿದ್ದರೆ ಸತ್ಯವೇ ಇಲ್ಲ.

ಓದಿದೆ.

ಅರ್ನ್‌ಫಿನ್ ಎದ್ದು ಹಿಟ್ಟಿನ ಡಬ್ಬಿ ಸರಿಸಿ ನೋಟ್‌ಬುಕ್ಕು ತಂದು ಮೇಜಿನ ಮೇಲಿಟ್ಟ. ತೆರೆಯಲಿಲ್ಲ.

"ವಿಮಾನ ಬೀಳೋ ಹಿಂದಿನ ದಿನ, ಸೋಮವಾರ, ಸಹಪೈಲಟ್ ಹೇಳಿದ್ಲು, ನನ್ನ ಕಡೆ ಮುಳ್ಳು ಕುಣೀತಿದೆ ಅಂತ. ಬಲಗಣ್ಣು. ವಿಮಾನ ಮಾರನೇ ದಿನದವರೆಗೂ ಹ್ಯಾಂಗರಲ್ಲೇ ಇರೋದಿತ್ತು. ಮೂರೂವರೆಗೆ ಮೂತಿ ಬಿಚ್ಚಿದೆ."

"ದೋಷ ಪೆಟ್ಟಿಗೇದೋ ತಂತೀದೋ ನೋಡೋಕೆ."

"ಹೂಂ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಕುಣಿತ ಪೆಟ್ಟಿಗೆ ಜೊತೆ ಎಡಕ್ಕೆ ಹೋದ್ರೆ ಪೆಟ್ಟಿಗೆ ಕೆಟ್ಟಿದೆ, ಬಲದಲ್ಲೇ ಉಳಿದ್ರೆ ತಂತಿ. ನೀನೇ ಹೇಳ್ಕೊಟ್ಟಿದ್ದು ಅಲ್ವಾ?"

ನಾನೇ ಹೇಳಿಕೊಟ್ಟದ್ದು. ನೂರು ಸಲ ನಾನೂ ಮಾಡಿದ್ದೇನೆ. ಅದರಲ್ಲಿ ತಪ್ಪೇನೂ ಇಲ್ಲ, ವಾಪಸ್ ಹಾಕುವುದನ್ನು ನೆನಪಿಟ್ಟುಕೊಂಡರೆ.

"ಆಮೇಲೆ?"

"ವಿದ್ಯುತ್ ಕೊಟ್ಟು ನೋಡ್ಬೇಕು ಅನ್ನೋಷ್ಟರಲ್ಲಿ ಇನ್ನೊಂದು ವಿಮಾನದ ಚಕ್ರ ನೋಡು ಬಾ ಅಂತ ಕರೆದ್ರು. ಅದು ಮುಗಿಯೋ ಹೊತ್ತಿಗೆ ನಾಲ್ಕು. ಶಿಶುವಿಹಾರ ನಾಲ್ಕೂವರೆಗೆ ಬಾಗಿಲು ಹಾಕುತ್ತೆ, ಮಗಳು ಕಾಯ್ತಿರ್ತಾಳೆ. ಮೂತಿ ಮುಚ್ಚಿ ಓಡಿದೆ. ಬೆಳಿಗ್ಗೆ ಬಂದು ಸರಿ ಮಾಡೋಣ ಅಂತ."

"ಬರೀಲಿಲ್ಲ."

"ಬರೆದ್ರೆ ವಿಮಾನ ಹಾರೋ ಹಂಗಿಲ್ಲ ಅಂತ ಬೆಳಗಿನ ಪ್ರಯಾಣ ರದ್ದು ಮಾಡ್ತಾರೆ. ಹತ್ತು ನಿಮಿಷದ ಕೆಲಸಕ್ಕೆ ದ್ವೀಪದವರನ್ನೆಲ್ಲ ಯಾಕೆ ಕೂರಿಸ್ಬೇಕು ಅನ್ಕೊಂಡೆ. ವಿಮಾನ ಹೊರಡೋದು ಒಂಬತ್ತಕ್ಕೆ ಅನ್ಕೊಂಡಿದ್ದೆ. ವೇಳಾಪಟ್ಟಿ ಬದಲಾಗಿ ಆರು ನಲವತ್ತಕ್ಕೆ ಹೋಗಿತ್ತು. ನಾನು ಬಂದಿದ್ದು ಏಳಕ್ಕೆ. ಜಾಗ ಖಾಲಿ."

ತಲೆ ಕೆಟ್ಟ ಇಪ್ಪತ್ತೆರಡನೇ ನಂಬರು ಆ ದಿನ ಎಡಗಡೆ ಕೂತಿತ್ತು. ನೆಲ ಬಂತು ಎಂದು ಅಜ್ಜಿಯ ಕಿವಿಯಲ್ಲಿ ಸುಳ್ಳು ಹೇಳಿದ್ದು ಅದೇ. ಓಡ್‌ವಾರ್‌ನ ಕೈ ಏನೂ ಮಾಡಿರಲಿಲ್ಲ. ಎದ್ದು ಕುಣಿಯಬೇಕು, ಯಾರನ್ನಾದರೂ ಹಿಡಿದು ಹೊಡೆಯಬೇಕು, ಎರಡೂ ಅನ್ನಿಸಿತು.

ಅಷ್ಟರಲ್ಲಿ ಗಡಿಯಾರದ ಲೆಕ್ಕ ತಲೆಗೆ ಹೋಯಿತು.

"ಏಳಕ್ಕೆ ಬಂದೆ. ವಿಮಾನ ಬಿದ್ದಿದ್ದು ಏಳು ಇಪ್ಪತ್ತಾರಕ್ಕೆ."

ಅರ್ನ್‌ಫಿನ್ ತಲೆ ತಗ್ಗಿಸಿದ.

"ಇಪ್ಪತ್ತಾರು ನಿಮಿಷ, ಅರ್ನ್‌ಫಿನ್! ಒಂದು ಫೋನು! ಕಂಟ್ರೋಲ್ ಗೋಪುರದವ್ರು ರೇಡಿಯೋದಲ್ಲಿ 'ಅಜ್ಜಿನ ನಂಬಬೇಡ, ಕೈಯಲ್ಲಿ ಇಳಿಸು' ಅಂದಿದ್ರೆ ಮುಗೀತಿತ್ತು. ನೀನೇನು ಮಾಡ್ದೆ? ಕೂತ್ಕೊಂಡು ಈ ಪುಸ್ತಕದಲ್ಲಿ ಬರೆದ್ಯಾ?"

"ಹೇಳ್ದೆ."

"ಯಾರಿಗೆ?"

"ಕೂಗಾಡ್ಬೇಡ."

"ಯಾರಿಗೆ ಹೇಳ್ದೆ?"

ಅವನು ನೋಟ್‌ಬುಕ್ಕು ತೆರೆದು ನನ್ನ ಕಡೆ ತಿರುಗಿಸಿದ.

ಮಂಗಳವಾರದ ದಿನಾಂಕ. ಬೆಳಿಗ್ಗೆ 7.05. ಅವನ ಗುಂಡು ಅಕ್ಷರ: "ಅರ್ನ್‌ಫಿನ್. ಕಣ್ಣು ಅದಲು ಬದಲು ಮಾಡಿ ವಾಪಸ್ ಹಾಕಲು ಮರೆತೆ. ಹಾರಿಹೋಗಿದೆ. ಎರಡು ಶುಕ್ರವಾರ." ಅದರ ಕೆಳಗೆ ಉದ್ದ ಬಾಲದ ಒಂದು ರುಜು, ಪಕ್ಕದಲ್ಲಿ ನಗುವ ಮುಖದ ಚಿತ್ರ.

ಆ ರುಜುವನ್ನು ನಾನು ನಿನ್ನೆಯೇ ನೋಡಿದ್ದೆ. ಓಡ್‌ವಾರ್ ತಂದುಕೊಟ್ಟ ಕಾಗದದ ಕೆಳಗೆ.

"ಬೆನೆಡಿಕ್ಟೆ" ಅಂದೆ.

"ಕಾಫಿಗೆ ಬಂದಿದ್ಲು. ನಾನು ಬೆವರ್ತಿದ್ದೆ. ಎಲ್ಲ ಹೇಳ್ದೆ, ಗೋಪುರಕ್ಕೆ ಫೋನ್ ಮಾಡ್ಲಾ ಅಂದೆ. 'ಕ್ಯಾಪ್ಟನ್ ಯಾರು' ಅಂದ್ಲು. ಓಡ್‌ವಾರ್ ಅಂದೆ. ನಕ್ಬಿಟ್ಲು. 'ಅಯ್ಯೋ, ಆ ಹಠಮಾರಿ ಮುದುಕ ಸ್ಕಾರ್‌ಹೋಲ್ಮ್‌ನಲ್ಲಿ ಅಜ್ಜಿ ಕೈಗೆ ಕೊಡೋನೇ ಅಲ್ಲ, ಅವನು ಕೈಯಲ್ಲೇ ಇಳಿಸ್ತಾನೆ. ರೇಡಿಯೋದಲ್ಲಿ ಹೇಳಿದ್ರೆ ಊರಿಗೆಲ್ಲ ಸುದ್ದಿ. ಬರೆದಿಡು, ಮಧ್ಯಾಹ್ನ ವಿಮಾನ ವಾಪಸ್ ಬಂದಾಗ ಸರಿ ಮಾಡು' ಅಂದ್ಲು. ರುಜು ಹಾಕಿದ್ಲು."

ಆ ನಗುವ ಮುಖದ ಚಿತ್ರವನ್ನು ಬೆರಳಿನಿಂದ ಮುಚ್ಚಿದೆ.

ಕೈಯಲ್ಲಿ ಇಳಿಸಿದರೆ ಕೆಲಸದಿಂದ ಕೆಳಗಿಳಿಸುತ್ತೇನೆ ಎಂದು ಎರಡು ವಾರದ ಹಿಂದೆ ಬರೆದವಳೇ, ಅವನು ಆ ಆಜ್ಞೆಯನ್ನು ಮುರಿಯುತ್ತಾನೆ ಎಂದು ನಂಬಿ ಕಾಫಿ ಕುಡಿದಳು. ಅವನು ಮಾತ್ರ ಅದೇ ದಿನ ಆಜ್ಞೆ ಪಾಲಿಸಿದ. ಮೂವತ್ತೊಂದು ವರ್ಷ ಮಾತು ಕೇಳದವನು ಮಾತು ಕೇಳಿದ ದಿನವೇ ಎರಡು ಜೀವ ಹೋದವು. ಆಮೇಲೆ ಅವಳು ಟಿವಿಯ ಮುಂದೆ ನಿಂತು, ಯಂತ್ರ ಸರಿಯಿತ್ತು ಎಂದಳು. ಯಂತ್ರವನ್ನು ಕಟಕಟೆಯಲ್ಲಿ ನಿಲ್ಲಿಸಲು ಆಗುವುದಿಲ್ಲ. ಓಡ್‌ವಾರ್‌ನನ್ನು ನಿಲ್ಲಿಸಬಹುದು.

"ಹತ್ತು ದಿನ" ಅಂದೆ. "ಹತ್ತು ದಿನ ನೀನು ಸುಮ್ನಿದ್ದೆ."

"ವಾಫಲ್ ಮಾಡ್ದೆ." ಹೇಳುತ್ತಲೇ ಅವನ ಮುಖ ಕಿವುಚಿಕೊಂಡಿತು. "ನಂಗೂ ಗೊತ್ತು, ಹುಚ್ಚು ಅಂತ. ದುಃಖಕ್ಕೆ ಮಾಡ್ತಿದಾನೆ ಅನ್ಕೊಂಡ್ರು ಎಲ್ರೂ. ಯಾರೂ ಪುಸ್ತಕ ತೆಗೀಲಿಲ್ಲ. ಮಾಡ್ದೆ ಇದ್ರೆ ಇನ್ನೂ ದೊಡ್ಡ ತಪ್ಪು ಅನ್ಸ್ತು. ಹೋದ ವಾರ ಒಬ್ರೂ ತಿನ್ಲಿಲ್ಲ, ಎಲ್ಲ ಹಕ್ಕಿಗಳಿಗೆ ಹಾಕ್ದೆ."

ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು, ಅರ್ಧ ಇಳಿಯಲಿಲ್ಲ. ಶಿಶುವಿಹಾರಕ್ಕೆ ಓಡಿದ ಅಪ್ಪನನ್ನು ಬೈಯುವುದು ನನ್ನಿಂದಾಗದು. ಆದರೆ ಗೋಪುರಕ್ಕೆ ಫೋನ್ ಮಾಡಲು ಅಪ್ಪಣೆ ಕೇಳಿದವನನ್ನು ಹೇಗೆ ಕ್ಷಮಿಸಲಿ?

"ಕೇಳು" ಅಂದೆ. "ಇದನ್ನ ನಾನು ಸ್ಟೈನಾರ್‌ಗೆ ಹೇಳೋ ಹಂಗಿಲ್ಲ. ಪೊಲೀಸರ ವಕೀಲ ಅವನು. ಮೊಕದ್ದಮೆ ಹೂಡೋನು ಅವನೇ. ಈ ಪುಸ್ತಕ ಇದೆ ಅಂತ ಕೂಡ ನಾನು ಬಾಯಿ ಬಿಡೋ ಹಂಗಿಲ್ಲ. ಈಗಷ್ಟೇ ನಿನ್ನೆದುರು ಓದಿದೆ."

"ಗೊತ್ತು. ಅದಕ್ಕೇ ಓದಿಸ್ದೆ."

"ಆದ್ರೆ ನಿನ್ನ ಬಾಯಿ ಯಾರೂ ಕಟ್ಟಿಲ್ಲ."

"ಹೋದ್ರೆ ನನ್ನ ಒಳಗೆ ಹಾಕ್ತಾರೆ, ಗೂನ್‌ವೋರ್."

"ಹಾಕ್ಬಹುದು."

"ಸುಳ್ಳಾದ್ರೂ ಹೇಳೇ, ಏನೂ ಆಗಲ್ಲ ಅಂತ!"

"ಹೇಳಲ್ಲ. ನೀನು ಹೋಗ್ದೇ ಇದ್ರೆ ಓಡ್‌ವಾರ್‌ನ ಹಾಕ್ತಾರೆ. ಅವನ ಮನೆಗೆ ಹೋಗಿದ್ಯಾ ನೀನು?"

ಇಲ್ಲ ಎಂದು ತಲೆಯಾಡಿಸಿದ.

"ತನ್ನ ಕೈ ನೋಡ್ಕೊಂಡು ಕೂತಿದಾನೆ. ತಾನೇ ಕೊಂದೆ ಅಂತ ನಂಬೋಕೆ ಶುರು ಮಾಡಿದಾನೆ. ಇನ್ನೆರಡು ದಿನ ಹೋದ್ರೆ ಪೂರ್ತಿ ನಂಬ್ತಾನೆ. ಆಮೇಲೆ ನೀನು ಹೋಗಿ ಕಾಲು ಹಿಡಿದು ಹೇಳಿದ್ರೂ ಅವನು ಕೇಳಲ್ಲ."

ಹೊರಗೆ ಯಾರೋ ಗಾಡಿ ಎಳೆದುಕೊಂಡು ಹೋದರು. ಅರ್ನ್‌ಫಿನ್ ಕಿಟಕಿಯಾಚೆ ನೋಡಿದ. ಕಂಪನಿಯ ಇನ್ನೊಂದು ವಿಮಾನ ಹಿಮಮಳೆಯಲ್ಲಿ ಜನ ಹತ್ತಿಸಿಕೊಳ್ಳುತ್ತಿತ್ತು. ಅದನ್ನು ಇಳಿಸುವವಳೂ ಅಜ್ಜಿಯೇ, ಒಂದೇ ಕಣ್ಣಿನವಳು.

"ಮಗಳಿಗೆ ಏನು ಹೇಳ್ಲಿ?" ಅಂದ.

"ಗೊತ್ತಿಲ್ಲ, ಮಾರಾಯ. ನಿಜವಾಗ್ಲೂ ಗೊತ್ತಿಲ್ಲ."

ಅವನು ಎದ್ದ. ಆಮೇಲೆ ವಾಫಲ್ ಅಚ್ಚಿನ ವೈರು ಕಿತ್ತು, ಏಪ್ರನ್ ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟ. ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡ.

"ನೀನೂ ಬರ್ತೀಯಾ?"

"ಠಾಣೆ ಬಾಗಿಲವರೆಗೆ ಬರ್ತೀನಿ. ಒಳಗೆ ನೀನೊಬ್ಬನೇ ಹೋಗ್ಬೇಕು."

"ಸರಿ" ಅಂದ. ಗೋಡೆಯ ಮೊಳೆಯಿಂದ ಜಾಕೆಟ್ ತೆಗೆದು ಒಂದು ತೋಳು ಹಾಕಿಕೊಂಡ.

ಹತ್ತು ದಿನದಲ್ಲಿ ಮೊದಲ ಸಲ ನನಗೆ ಉಸಿರು ಪೂರ್ತಿ ಒಳಗೆ ಹೋಯಿತು. ಆಗಲೇ ಫೋನ್ ಹೊಡೆದುಕೊಂಡಿತು. ಸ್ಟೈನಾರ್.

"ಗೂನ್‌ವೋರ್, ಸೋಮವಾರದ ತಲೆನೋವು ಮುಗೀತು" ಅಂದ. ಅವನ ದನಿಯಲ್ಲಿ ಖುಷಿಯಿರಲಿಲ್ಲ. "ಓಡ್‌ವಾರ್ ಬೆಳಿಗ್ಗೆ ಒಂಬತ್ತಕ್ಕೇ ಬಂದು ಕೂತಿದ್ದ. ವಕೀಲನೂ ಬೇಡ ಅಂದ. 'ನನ್ನ ಕೈಯೇ ಎಳೀತು, ಈಗ ಸರಿಯಾಗಿ ನೆನಪಾಯ್ತು' ಅಂತ ಬರೆದು ರುಜು ಹಾಕಿ ಕೊಟ್ಟಿದಾನೆ."

"ಅವನಿಗೆ ನೆನಪಿಲ್ಲ!"

"ಈಗ ಇದೆಯಂತೆ. ಸತ್ತವರ ಮನೆಯವರನ್ನ ಇನ್ನೂ ಕಾಯಿಸ್ಬಾರ್ದು ಅಂದ."

ಅರ್ನ್‌ಫಿನ್ ನನ್ನನ್ನೇ ನೋಡುತ್ತಿದ್ದ. "ಏನಂತೆ?"

ಹೇಳಬಾರದಿತ್ತು. ಹೇಳಿಬಿಟ್ಟೆ. "ಓಡ್‌ವಾರ್ ತಪ್ಪು ಒಪ್ಕೊಂಡನಂತೆ."

ಅವನು ಒಂದು ತೋಳು ಜಾಕೆಟ್ಟಿನ ಒಳಗೆ, ಒಂದು ಹೊರಗೆ, ಹಾಗೇ ನಿಂತ. ಆಮೇಲೆ ನಿಧಾನವಾಗಿ ಹಾಕಿದ ತೋಳನ್ನು ಹೊರಗೆಳೆದ. ಜಾಕೆಟ್ಟನ್ನು ಮತ್ತೆ ಮೊಳೆಗೆ ನೇತುಹಾಕಿದ.

"ಅವನೇ ಹೇಳಿದ್ನಲ್ಲ, ಗೂನ್‌ವೋರ್" ಅಂದ, ಮೆಲ್ಲಗೆ. "ಅವನ ಕೈ. ಅವನಿಗೆ ಗೊತ್ತಿರಲ್ವಾ?"

"ಹಲೋ?" ಅಂದ ಸ್ಟೈನಾರ್. "ಹನ್ನೆರಡಕ್ಕೆ ಪತ್ರಿಕೆಯವರನ್ನ ಕರೆದಿದೀನಿ. ಅಷ್ಟರೊಳಗೆ ನಿಮ್ಮ ಕಡೆಯಿಂದ ನಂಗೆ ಹೇಳೋದು ಏನಾದ್ರೂ ಇದೆಯಾ?"

ಅರ್ನ್‌ಫಿನ್ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದ. ಬೇಡ, ಬೇಡ ಎಂದು ತಲೆಯಾಡಿಸುತ್ತಿದ್ದ.

"ಇದೆ" ಅಂದೆ.